ಮಗು ನೋವು ಅಂತ ಹೇಳುವುದಿಲ್ಲ: ಮಕ್ಕಳ ಆರ್ಥ್ರೈಟಿಸ್ ಗುರುತಿಸುವುದು, ಅದರ ಜೊತೆ ಬದುಕುವುದು

ನನ್ನ ಮಗಳಿಗೆ ಆಗ ಮೂರು ವರ್ಷ. ಬೆಳಿಗ್ಗೆ ಎದ್ದವಳು ಮೆಟ್ಟಿಲು ಇಳಿಯುವಾಗ ಕೂತುಕೊಂಡೇ ಒಂದೊಂದಾಗಿ ಜಾರಿಕೊಂಡು ಬರಲು ಶುರು ಮಾಡಿದಳು. ಹೊಸ ಆಟ ಕಂಡುಹಿಡಿದಿದ್ದಾಳೆ ಅಂದುಕೊಂಡೆವು. ನಕ್ಕೆವು, ಫೋನಿನಲ್ಲಿ ವಿಡಿಯೋ ಕೂಡ ಮಾಡಿಕೊಂಡೆವು. ಹತ್ತು ಗಂಟೆಯ ಹೊತ್ತಿಗೆ ಎಂದಿನಂತೆ ಮನೆಯೆಲ್ಲ ಓಡಾಡುತ್ತಿದ್ದಳು, ಹಾಗಾಗಿ ಯಾರಿಗೂ ಅನುಮಾನ ಬರಲಿಲ್ಲ.

ಮೂರು ವಾರ ಆದಮೇಲೆ ಒಂದು ದಿನ ಸ್ನಾನ ಮಾಡಿಸುವಾಗ ನೋಡಿದರೆ ಎಡ ಮಂಡಿ ಬಲ ಮಂಡಿಗಿಂತ ದಪ್ಪ. ಮಂಡಿಚಿಪ್ಪಿನ ಎರಡೂ ಪಕ್ಕ ಸಣ್ಣ ಗುಳಿ ಇರುತ್ತದಲ್ಲ, ಅದು ತುಂಬಿಕೊಂಡು ನುಣ್ಣಗಾಗಿತ್ತು. ಒತ್ತಿದೆ, ಅಳಲಿಲ್ಲ. "ನೋಯುತ್ತಾ ಪುಟ್ಟಿ?" ಅಂದೆ. "ಇಲ್ಲ ಅಮ್ಮ" ಅಂದಳು. ಮೊದಲು ತೋರಿಸಿದ ಡಾಕ್ಟರು ಎಲ್ಲೋ ಬಿದ್ದಿರಬೇಕು ಅಂತ ಮುಲಾಮು ಬರೆದುಕೊಟ್ಟರು. ಮಗು ನೋವು ಅನ್ನುತ್ತಿಲ್ಲ ಅಂದಮೇಲೆ ಅವರು ತಾನೇ ಏನು ಮಾಡಿಯಾರು? ಸರಿಯಾದ ಹೆಸರು ಗೊತ್ತಾಗುವ ಹೊತ್ತಿಗೆ ಇನ್ನೂ ಎರಡು ತಿಂಗಳು ಕಳೆದಿತ್ತು.

ಈಗ ಅವಳಿಗೆ ಹದಿನಾಲ್ಕು. ಇಷ್ಟು ವರ್ಷದಲ್ಲಿ ನಾನು ಕಲಿತದ್ದನ್ನು ಹೆಜ್ಜೆ ಹೆಜ್ಜೆಯಾಗಿ ಬರೆಯುತ್ತಿದ್ದೇನೆ. ನಾನು ಡಾಕ್ಟರಲ್ಲ, ಅಮ್ಮ. ಯಾವ ಔಷಧಿ, ಎಷ್ಟು ಅನ್ನುವುದನ್ನು ನಿಮ್ಮ ಡಾಕ್ಟರೇ ಹೇಳಬೇಕು. ಆದರೆ ಅವರ ಮುಂದೆ ಹೋಗಿ ಕೂರುವ ಮೊದಲು ಏನು ನೋಡಬೇಕು, ಬಂದಮೇಲೆ ಮನೆಯಲ್ಲಿ ಏನು ಮಾಡಬೇಕು ಅನ್ನುವುದು ಅಪ್ಪ ಅಮ್ಮನ ಕೆಲಸ.

ಹೆಜ್ಜೆ 1: ಇದು ಏನು ಅಂತ ತಿಳಿದುಕೊಳ್ಳಿ

ಆರ್ಥ್ರೈಟಿಸ್, ಅಂದರೆ ಸಂಧಿವಾತ, ಅಂದಕೂಡಲೇ ಅಜ್ಜಿಯರ ಮಂಡಿನೋವು ನೆನಪಾಗುತ್ತದೆ. ಇದು ಅದಲ್ಲ. ಅಲ್ಲಿ ಕೀಲು ಸವೆಯುತ್ತದೆ, ಇಲ್ಲಿ ಕೀಲು ಉರಿಯೂತದಿಂದ ಊದಿಕೊಳ್ಳುತ್ತದೆ. ರೋಗ ಬಾರದಂತೆ ಕಾಯಬೇಕಾದ ದೇಹದ ರಕ್ಷಣಾ ವ್ಯವಸ್ಥೆ ತನ್ನದೇ ಕೀಲಿನ ಒಳಪದರದ ಮೇಲೆ ತಿರುಗಿ ಬೀಳುತ್ತದೆ. ಬೇಲಿಯೇ ಎದ್ದು ಹೊಲ ಮೇಯ್ದಂತೆ. ಡಾಕ್ಟರುಗಳು ಇದನ್ನು ಜುವೆನೈಲ್ ಇಡಿಯೋಪಥಿಕ್ ಆರ್ಥ್ರೈಟಿಸ್, ಚಿಕ್ಕದಾಗಿ ಜೆಐಎ ಅನ್ನುತ್ತಾರೆ. 16 ವರ್ಷ ತುಂಬುವ ಮೊದಲೇ ಶುರುವಾಗಿ, ಕನಿಷ್ಠ 6 ವಾರ ಇದ್ದು, ಬೇರೆ ಯಾವ ಕಾರಣವೂ ಸಿಗದಿದ್ದರೆ ಈ ಹೆಸರು. ಇಡಿಯೋಪಥಿಕ್ ಅಂದರೆ ಕಾರಣ ಗೊತ್ತಿಲ್ಲ ಅಂತಲೇ ಅರ್ಥ. ಬಸುರಿಯಲ್ಲಿ ನೀವು ಏನೋ ತಿಂದಿದ್ದಕ್ಕೆ ಬಂದದ್ದಲ್ಲ, ಮಗು ಬಿದ್ದಿದ್ದಕ್ಕೆ ಬಂದದ್ದಲ್ಲ, ಚಳಿಯಲ್ಲಿ ಆಡಿದ್ದಕ್ಕೂ ಅಲ್ಲ. ಒಬ್ಬರಿಂದ ಒಬ್ಬರಿಗೆ ಅಂಟುವುದೂ ಇಲ್ಲ.

ಜೆಐಎ ಒಂದೇ ಕಾಯಿಲೆ ಅಲ್ಲ, ಒಂದು ಕುಟುಂಬ. ನಿಮ್ಮ ಮಗುವಿಗೆ ಇರುವುದು ಯಾವ ವಿಧ ಅಂತ ಡಾಕ್ಟರನ್ನು ಕೇಳಿ ಬರೆದಿಟ್ಟುಕೊಳ್ಳಿ, ಮುಂದಿನದೆಲ್ಲ ಅದರ ಮೇಲೆ ನಿಂತಿದೆ. ಮೊದಲ 6 ತಿಂಗಳಲ್ಲಿ ನಾಲ್ಕು ಅಥವಾ ಅದಕ್ಕಿಂತ ಕಡಿಮೆ ಕೀಲು ಊದಿದ್ದರೆ ಆಲಿಗೋ. ಪುಟ್ಟ ಹೆಣ್ಣುಮಕ್ಕಳಲ್ಲಿ ಜಾಸ್ತಿ, ಮಂಡಿ ಮತ್ತು ಕಾಲಿನ ಗಂಟಿನಲ್ಲಿ ಶುರು. ಐದು ಅಥವಾ ಹೆಚ್ಚು ಕೀಲಾದರೆ ಪಾಲಿ, ಅದರಲ್ಲಿ ರಕ್ತದಲ್ಲಿ ನೋಡುವ ರುಮಟಾಯ್ಡ್ ಫ್ಯಾಕ್ಟರ್ ಅನ್ನುವ ಪ್ರತಿಕಾಯ ಪಾಸಿಟಿವ್ ಬಂದ ಹದಿಹರೆಯದವರ ಕಾಯಿಲೆ ದೊಡ್ಡವರ ರುಮಟಾಯ್ಡ್ ಆರ್ಥ್ರೈಟಿಸ್‌ನ ಹಾಗೆಯೇ ನಡೆದುಕೊಳ್ಳುತ್ತದೆ. ಎಂಥೆಸೈಟಿಸ್ ವಿಧದಲ್ಲಿ ಸ್ನಾಯುವಿನ ನಾರು ಮೂಳೆಗೆ ಅಂಟುವ ಜಾಗ ನೋಯುತ್ತದೆ. ಹಿಮ್ಮಡಿ, ಸೊಂಟ, ಬೆನ್ನಿನ ಕೆಳಭಾಗ. ಆರು ವರ್ಷ ದಾಟಿದ ಗಂಡುಮಕ್ಕಳಲ್ಲಿ ಹೆಚ್ಚಾಗಿ ಕಾಣುತ್ತದೆ, ಎಷ್ಟೋ ಸಲ ಆಟದಲ್ಲಿ ಪೆಟ್ಟಾಗಿದೆ ಅಂತ ತಿಂಗಳುಗಟ್ಟಲೆ ಕಳೆದುಹೋಗುತ್ತದೆ. ಸೋರಿಯಾಸಿಸ್ ಅನ್ನುವ ಚರ್ಮದ ಕಾಯಿಲೆಯ ಜೊತೆ ಬರುವುದು ಇನ್ನೊಂದು. ಅದರಲ್ಲಿ ಬೆರಳು ಪೂರ್ತಿ ಊದಿಕೊಳ್ಳಬಹುದು, ಉಗುರಿನಲ್ಲಿ ಸೂಜಿಯಿಂದ ಚುಚ್ಚಿದಂಥ ಗುಳಿ ಬೀಳಬಹುದು.

ಸಿಸ್ಟಮಿಕ್ ಅನ್ನುವ ವಿಧ ಇವೆಲ್ಲಕ್ಕಿಂತ ಬೇರೆ. 1897ರಲ್ಲಿ ಲಂಡನ್ನಿನಲ್ಲಿ ಜಾರ್ಜ್ ಫ್ರೆಡರಿಕ್ ಸ್ಟಿಲ್ ಅನ್ನುವ ಡಾಕ್ಟರು 22 ಮಕ್ಕಳನ್ನು ನೋಡಿ ಬರೆದಾಗ ಮೊದಲ ಸಲ ವಿವರವಾಗಿ ಸಿಕ್ಕ ಚಿತ್ರ ಇದು. ಹಳಬರು ಈಗಲೂ ಸ್ಟಿಲ್ಸ್ ಕಾಯಿಲೆ ಅನ್ನುವುದುಂಟು. ಇಲ್ಲಿ ಮೊದಲು ಬರುವುದು ಜ್ವರ. ದಿನಕ್ಕೊಂದು ಸಲ, ಹೆಚ್ಚಾಗಿ ಸಂಜೆ, 39 ಡಿಗ್ರಿ ಸೆಲ್ಸಿಯಸ್ (ಸುಮಾರು 102 ಫ್ಯಾರನ್‌ಹೀಟ್) ದಾಟಿ ಏರುತ್ತದೆ. ಆಮೇಲೆ ತಾನಾಗಿಯೇ ಇಳಿಯುತ್ತದೆ. ಹೀಗೆ ಎರಡು ವಾರ, ಅದಕ್ಕಿಂತ ಜಾಸ್ತಿ. ಜ್ವರ ಏರಿದಾಗ ಮೈಮೇಲೆ ತಿಳಿಗುಲಾಬಿ ದದ್ದು, ಇಳಿದಾಗ ಅದೂ ಮಾಯ. ಡಾಕ್ಟರ ಹತ್ತಿರ ಹೋಗುವಷ್ಟರಲ್ಲಿ ಚರ್ಮ ಶುಭ್ರವಾಗಿರುತ್ತದೆ. ಅದಕ್ಕೇ ದದ್ದು ಕಂಡ ಕೂಡಲೇ ಫೋಟೋ ತೆಗೆಯಿರಿ. ಕೀಲು ಊದುವುದು ವಾರಗಳ ನಂತರವೂ ಆಗಬಹುದು.

ಹೆಜ್ಜೆ 2: ಬೆಳಿಗ್ಗೆ ಅರ್ಧ ಗಂಟೆ ಮಗುವನ್ನೇ ನೋಡಿ

ಮಕ್ಕಳು ಯಾಕೆ ಹೇಳುವುದಿಲ್ಲ? ತೀರಾ ಚಿಕ್ಕವರಿಗೆ ಇದಕ್ಕಿಂತ ಬೇರೆ ಥರ ಇರುತ್ತದೆ ಅನ್ನುವುದೇ ಗೊತ್ತಿಲ್ಲ. ಎಲ್ಲರ ಮಂಡಿಯೂ ಬೆಳಿಗ್ಗೆ ಹೀಗೇ ಇರುತ್ತದೆ ಅಂದುಕೊಂಡಿರುತ್ತಾರೆ. ನೋವು ಬರದಂತೆ ಕಾಲನ್ನು ಹೇಗೆ ಇಡಬೇಕು ಅನ್ನುವುದನ್ನು ಅವರ ದೇಹ ಸುಮ್ನೆ ಕಂಡುಕೊಂಡುಬಿಡುತ್ತದೆ. ಹಾಗಾಗಿ "ನೋವಿದೆಯಾ" ಅಂತ ಕೇಳುವುದನ್ನು ಬಿಡಿ. ಏನು ಮಾಡುವುದನ್ನು ನಿಲ್ಲಿಸಿದ್ದಾಳೆ ಅಂತ ನೋಡಿ.

ಹಾಸಿಗೆಯಿಂದ ಇಳಿಯುವಾಗ ಗೋಡೆ ಹಿಡಿಯುತ್ತಾಳಾ? ನಡೆಯಲು ಕಲಿತ ಮಗು ಮತ್ತೆ ಎತ್ತಿಕೋ ಅನ್ನುತ್ತಿದೆಯಾ? ಬಾಟಲಿ ಮುಚ್ಚಳ ತೆಗೆಯಲು ಹಲ್ಲು ಬಳಸುತ್ತಾನಾ? ಕೆಳಗೆ ಕೂತು ಆಡುತ್ತಿದ್ದವನು ಈಗ ನಿಂತುಕೊಂಡೇ ಆಡುತ್ತಾನಾ? ಅಂಗೈ ಊರಿ ಏಳುವ ಬದಲು ಮುಷ್ಟಿ ಊರಿ ಏಳುತ್ತಾಳಾ? ಈ ಕೊನೆಯದು ಮಣಿಕಟ್ಟಿನ ಗುರುತು. ನಮ್ಮ ಮಗಳಲ್ಲಿ ಎರಡನೇ ಸಲ ಕಾಯಿಲೆ ಹಬ್ಬಿದಾಗ ಗೊತ್ತಾಗಿದ್ದೇ ಹೀಗೆ. ಒಂದೇ ಪಕ್ಕ ಅಗಿಯುವುದು, ಬಾಯಿ ಪೂರ್ತಿ ತೆರೆಯದಿರುವುದು ದವಡೆಯ ಗುರುತು. ಅದನ್ನಂತೂ ಎಲ್ಲರೂ ಮರೆಯುತ್ತಾರೆ.

ಬೆಳಿಗ್ಗೆ ಬಿಗಿ, ಓಡಾಡಿದ ಮೇಲೆ ಸಡಿಲ, ಕಾರಿನಲ್ಲಿ ಬಹಳ ಹೊತ್ತು ಕೂತು ಇಳಿದರೆ ಮತ್ತೆ ಬಿಗಿ. ಉರಿಯೂತದ ಕೀಲಿನ ನಡತೆ ಇದು. ಬೆಳೆಯುವ ಮಕ್ಕಳಿಗೆ ಬರುವ ಮಾಮೂಲಿ ಕಾಲುನೋವು ಇದಕ್ಕೆ ತದ್ವಿರುದ್ಧ. ಅದು ಸಂಜೆ ಅಥವಾ ರಾತ್ರಿ ಬರುತ್ತದೆ, ಎರಡೂ ಕಾಲಿನಲ್ಲಿ, ನೀವಿದರೆ ಹೋಗುತ್ತದೆ, ಬೆಳಿಗ್ಗೆ ಮಗು ಕುಂಟುವುದಿಲ್ಲ, ಊತ ಇರುವುದಿಲ್ಲ. ಬೆಳಿಗ್ಗೆ ಕುಂಟುವ ಮಗುವಿಗೆ "ಬೆಳೆಯುವ ನೋವು" ಅಂತ ಯಾರಾದರೂ ಹೇಳಿದರೆ ಒಪ್ಪಿಕೊಳ್ಳಬೇಡಿ.

ಎದ್ದ ಕೂಡಲೇ ನಡೆಯುವುದನ್ನು ಅರ್ಧ ನಿಮಿಷ ವಿಡಿಯೋ ಮಾಡಿ, ಮಧ್ಯಾಹ್ನ ಮತ್ತೊಂದು. ನಾವು ನಕ್ಕು ಮಾಡಿದ್ದ ಮೆಟ್ಟಿಲಿನ ವಿಡಿಯೋನೇ ಕೊನೆಗೆ ರುಮಟಾಲಜಿಸ್ಟ್ (ಕೀಲಿನ ಉರಿಯೂತದ ತಜ್ಞರು) ಎರಡು ಸಲ ಹಾಕಿ ನೋಡಿದ್ದು.

ಹೆಜ್ಜೆ 3: ಕಾಯಬಾರದ್ದು ಯಾವುದು

ಇದು ಚಿಕ್ಕ ಭಾಗ, ಆದರೆ ಎರಡು ಸಲ ಓದಿ. ಒಂದೇ ಕೀಲು ಬಿಸಿಯಾಗಿ ಕೆಂಪಾಗಿ ಊದಿ, ಜೊತೆಗೆ ಜ್ವರ ಬಂದು, ಮಗು ಮುಟ್ಟಲೂ ಬಿಡದೆ ಕಾಲು ಊರಲೂ ಆಗದೆ ಇದ್ದರೆ ಕೀಲಿನೊಳಗೆ ಕೀವು ಆಗಿರಬಹುದು. ಅದೇ ದಿನ ಆಸ್ಪತ್ರೆಗೆ ಹೋಗಬೇಕು, ನಾಳೆ ಅಲ್ಲ.

ರಾತ್ರಿ ನಿದ್ದೆಯಿಂದ ಎಬ್ಬಿಸುವ ಮೂಳೆನೋವು, ಬಿಳಿಚಿಕೊಂಡ ಮುಖ, ಎಲ್ಲೆಂದರಲ್ಲಿ ನೀಲಿ ಕಲೆ, ತೂಕ ಇಳಿಯುವುದು, ಕಾಣುವ ಊತಕ್ಕಿಂತ ನೋವೇ ಜಾಸ್ತಿ ಇರುವುದು ಕಂಡರೆ ರಕ್ತದ ಕ್ಯಾನ್ಸರ್ ಅಲ್ಲ ಅಂತ ಖಚಿತ ಮಾಡಿಕೊಳ್ಳಬೇಕು. ಅದಕ್ಕೂ ಮೊದಲು ಸ್ಟಿರಾಯ್ಡ್ ಕೊಟ್ಟುಬಿಟ್ಟರೆ ಆ ಕಾಯಿಲೆ ಮರೆಯಾಗಿ ಪತ್ತೆ ಕಷ್ಟವಾಗುತ್ತದೆ. ಯಾರೋ ಕೊಟ್ಟ ಹೆಸರಿಲ್ಲದ ಪುಡಿ, ಮಾತ್ರೆಗಳನ್ನು ಹಾಕಬೇಡಿ ಅನ್ನುವುದಕ್ಕೆ ಇದೂ ಒಂದು ಕಾರಣ. ಅಂಥದರಲ್ಲಿ ಸ್ಟಿರಾಯ್ಡ್ ಬೆರೆತಿರುವುದು ಅಪರೂಪವೇನಲ್ಲ.

ಸಿಸ್ಟಮಿಕ್ ವಿಧದ ಮಕ್ಕಳಲ್ಲಿ ಇನ್ನೊಂದು ಅಪಾಯ ಇದೆ. ಏರಿ ಇಳಿಯುತ್ತಿದ್ದ ಜ್ವರ ಇಳಿಯದೇ ನಿಂತುಬಿಟ್ಟರೆ, ಮಗು ಮಂಕಾದರೆ, ಮೂಗು ಒಸಡಿನಲ್ಲಿ ರಕ್ತ ಬಂದರೆ ತಕ್ಷಣ ಆಸ್ಪತ್ರೆ. ಮ್ಯಾಕ್ರೋಫೇಜ್ ಆಕ್ಟಿವೇಶನ್ ಸಿಂಡ್ರೋಮ್ ಅನ್ನುತ್ತಾರೆ, ಅಂದರೆ ರಕ್ಷಣಾ ವ್ಯವಸ್ಥೆ ಪೂರ್ತಿ ಹತೋಟಿ ತಪ್ಪುವುದು, ಜೀವಕ್ಕೇ ಕುತ್ತು. ಇದರಲ್ಲಿ ಪ್ಲೇಟ್‌ಲೆಟ್ ಇಳಿಯುತ್ತದೆ, ಕಬ್ಬಿಣ ಕೂಡಿಡುವ ಫೆರಿಟಿನ್ ಅನ್ನುವ ಪ್ರೋಟೀನ್ ವಿಪರೀತ ಏರುತ್ತದೆ, ಆದರೆ ಉರಿಯೂತ ಅಳೆಯುವ ರಕ್ತಪರೀಕ್ಷೆಯಾದ ಇಎಸ್‌ಆರ್ ಇಳಿಯಬಹುದು. ರಿಪೋರ್ಟು ನೋಡಿದವರಿಗೆ ಸುಧಾರಿಸಿದೆ ಅನ್ನಿಸಿಬಿಡುತ್ತದೆ.

ಹೆಜ್ಜೆ 4: ಡಾಕ್ಟರ ಹತ್ತಿರ ಹೋಗುವಾಗ

ಊತ ಎರಡು ಮೂರು ವಾರ ಕಳೆದರೂ ಇಳಿಯದಿದ್ದರೆ ಮಕ್ಕಳ ರುಮಟಾಲಜಿಸ್ಟ್ ಹತ್ತಿರ ಕಳಿಸಿ ಅಂತ ನೀವಾಗಿ ಕೇಳಿ. ಆರು ವಾರ ತುಂಬಲಿ ಅಂತ ಕಾಯುವುದು ಬೇಡ, ಆ ಲೆಕ್ಕ ಹೆಸರಿಡುವುದಕ್ಕೆ ಮಾತ್ರ.

ಇದನ್ನು ಹೌದು ಅಥವಾ ಅಲ್ಲ ಅಂತ ಹೇಳುವ ಒಂದೇ ಒಂದು ರಕ್ತಪರೀಕ್ಷೆ ಇಲ್ಲ. ಇದನ್ನು ಅರ್ಥ ಮಾಡಿಕೊಳ್ಳಲು ನನಗೆ ಒಂದು ವರ್ಷ ಬೇಕಾಯಿತು. ಇಎಸ್‌ಆರ್, ಸಿಆರ್‌ಪಿ ಅನ್ನುವ ಉರಿಯೂತದ ಪರೀಕ್ಷೆಗಳು ಮಾಮೂಲಾಗಿದ್ದೂ ಮಂಡಿ ತುಂಬ ನೀರಿರಬಹುದು. ರುಮಟಾಯ್ಡ್ ಫ್ಯಾಕ್ಟರ್ ಹೆಚ್ಚಿನ ಮಕ್ಕಳಲ್ಲಿ ನೆಗೆಟಿವ್, ಅದನ್ನು ಹಿಡಿದು "ಆರ್ಥ್ರೈಟಿಸ್ ಇಲ್ಲ" ಅನ್ನುವ ಹಾಗಿಲ್ಲ. ಎಎನ್‌ಎ ಅನ್ನುವ ಇನ್ನೊಂದು ಪ್ರತಿಕಾಯದ ಪರೀಕ್ಷೆ ಆರೋಗ್ಯವಾಗಿರುವ ಮಕ್ಕಳಲ್ಲೂ ಪಾಸಿಟಿವ್ ಬರುತ್ತದೆ, ಜೆಐಎ ಇರುವ ಮಗುವಿನಲ್ಲಿ ಅದರ ಮುಖ್ಯ ಉಪಯೋಗ ಕಣ್ಣಿಗೆ ಎಷ್ಟು ಅಪಾಯ ಅಂತ ಅಳೆಯುವುದು. ಎಚ್‌ಎಲ್‌ಎ-ಬಿ27 ಅನ್ನುವ ವಂಶವಾಹಿಯ ಪರೀಕ್ಷೆ ಎಂಥೆಸೈಟಿಸ್ ವಿಧಕ್ಕೆ ಸುಳಿವು ಕೊಡುತ್ತದೆ. ಎಕ್ಸ್‌ರೇ ಶುರುವಿನಲ್ಲಿ ಏನೂ ತೋರಿಸದಿರಬಹುದು, ಅಲ್ಟ್ರಾಸೌಂಡ್ ಅಥವಾ ಎಂಆರ್‌ಐ ಬೇಗ ಹೇಳುತ್ತದೆ. ಅನುಭವಿ ಡಾಕ್ಟರು ಕೈಯಿಂದಲೇ ಒಂದೊಂದು ಕೀಲನ್ನೂ ಮುಟ್ಟಿ ಬಗ್ಗಿಸಿ ನೋಡುತ್ತಾರೆ. ಮುಟ್ಟದೆ ಬರೀ ರಿಪೋರ್ಟ್ ನೋಡಿ ಕಳಿಸಿದರೆ ಇನ್ನೊಬ್ಬರ ಹತ್ತಿರ ಹೋಗಿ ಅನ್ನುತ್ತೇನೆ ನಾನು.

ಒಂದು ನೋಟ್‌ಬುಕ್ ಇಡಿ. ಬೆಳಿಗ್ಗೆಯ ಬಿಗಿತ ಎಷ್ಟು ನಿಮಿಷ, ಯಾವ ಕೀಲು, ಜ್ವರ ಎಷ್ಟು ಹೊತ್ತಿಗೆ, ಯಾವ ಔಷಧಿ ಯಾವ ದಿನ, ಇಷ್ಟು ಸಾಕು. ಭೇಟಿಯ ಕೊನೆಗೆ ನಾನು ಯಾವಾಗಲೂ ಒಂದೇ ಪ್ರಶ್ನೆ ಕೇಳುತ್ತೇನೆ: "ಈಗ ಎಷ್ಟು ಕೀಲಿನಲ್ಲಿ ಕಾಯಿಲೆ ಎದ್ದಿದೆ?" ಉತ್ತರ ಸೊನ್ನೆ ಅಲ್ಲದಿದ್ದರೆ, ಸೊನ್ನೆಗೆ ತರಲು ಮುಂದೇನು ಅನ್ನುವುದು ಎರಡನೇ ಪ್ರಶ್ನೆ. ಮೊದಲೆಲ್ಲ ಪರವಾಗಿಲ್ಲ ಅನ್ನುವಷ್ಟು ಕಮ್ಮಿಯಾದರೆ ಸಾಕಿತ್ತು. ಈಗ ಗುರಿ ಕಾಯಿಲೆ ಪೂರ್ತಿ ಮಲಗುವುದು. ಉರಿಯೂತ ಸ್ವಲ್ಪವೇ ಇದ್ದರೂ ಬೆಳೆಯುವ ಮೂಳೆಯನ್ನು ಅದು ಸುಮ್ಮನೆ ಬಿಡುವುದಿಲ್ಲ. ಊದಿದ ಮಂಡಿಗೆ ರಕ್ತ ಜಾಸ್ತಿ ಹರಿದು ಆ ಕಾಲು ಇನ್ನೊಂದಕ್ಕಿಂತ ಉದ್ದ ಬೆಳೆಯುತ್ತದೆ, ದವಡೆಯಲ್ಲಾದರೆ ಗದ್ದ ಚಿಕ್ಕದಾಗೇ ಉಳಿಯುತ್ತದೆ.

ಹೆಜ್ಜೆ 5: ಕಣ್ಣು

ನೀವು ಈ ಬರಹದಲ್ಲಿ ಒಂದೇ ಭಾಗ ಓದುವುದಾದರೆ ಇದನ್ನು ಓದಿ.

ಕೀಲಿಗೆ ಬಂದ ಉರಿಯೂತ ಕಣ್ಣೊಳಗೂ ಬರಬಹುದು. ಯುವಿಯೈಟಿಸ್ ಅಂತ ಹೆಸರು. ಕಣ್ಣು ಕೆಂಪಾಗುವುದಿಲ್ಲ, ನೀರು ಬರುವುದಿಲ್ಲ, ನೋಯುವುದಿಲ್ಲ. ಮಗು ಎಂದಿನಂತೆ ಚಿತ್ರ ಬರೆಯುತ್ತಾ ಕೂತಿರುತ್ತದೆ, ಒಳಗೆ ಕಣ್ಣು ಹಾಳಾಗುತ್ತಿರುತ್ತದೆ. ಗೊತ್ತಾಗುವ ಹೊತ್ತಿಗೆ ಪೊರೆ, ಗ್ಲಾಕೋಮಾ, ನೋಟ ಮಂಜು. ಕಣ್ಣಿನ ಡಾಕ್ಟರು ಸ್ಲಿಟ್ ಲ್ಯಾಂಪ್ ಅನ್ನುವ ಯಂತ್ರದಲ್ಲಿ ನೋಡಿದರೆ ಮಾತ್ರ ಕಾಣುತ್ತದೆ. ಗೋಡೆ ಮೇಲಿನ ಅಕ್ಷರ ಓದಿಸುವ ಪರೀಕ್ಷೆ ಇದಕ್ಕೆ ಸಾಲದು.

ಚಿಕ್ಕ ವಯಸ್ಸಿನಲ್ಲಿ, ಅದರಲ್ಲೂ ಏಳರ ಒಳಗೆ ಶುರುವಾದ, ಎಎನ್‌ಎ ಪಾಸಿಟಿವ್ ಇರುವ ಆಲಿಗೋ ಮಕ್ಕಳಿಗೆ ಅಪಾಯ ಎಲ್ಲರಿಗಿಂತ ಜಾಸ್ತಿ. ಇಂಥವರಿಗೆ ಮೊದಲ ನಾಲ್ಕು ವರ್ಷ 3 ತಿಂಗಳಿಗೊಮ್ಮೆ ಪರೀಕ್ಷೆ. ಅಪಾಯ ಕಡಿಮೆ ಇರುವವರಿಗೆ 6ರಿಂದ 12 ತಿಂಗಳಿಗೊಮ್ಮೆ. ಮಂಡಿ ಚೆನ್ನಾಗಿದೆ, ಈ ಸಲ ಬಿಡೋಣ ಅಂತ ನಮಗೂ ಒಂದು ಸಲ ಅನ್ನಿಸಿತ್ತು. ಹೇಗೋ ಹೋದೆವು. ಮಂಡಿ ಅಷ್ಟು ಚೆನ್ನಾಗಿದ್ದ ಆ ತಿಂಗಳಲ್ಲೇ ಎಡಗಣ್ಣಿನಲ್ಲಿ ಉರಿಯೂತ ಸಿಕ್ಕಿದ್ದು. ಕೀಲು ಮತ್ತು ಕಣ್ಣು ಒಂದರ ಮಾತು ಒಂದು ಕೇಳುವುದಿಲ್ಲ. ಎಂಥೆಸೈಟಿಸ್ ವಿಧದಲ್ಲಿ ಮಾತ್ರ ಕಣ್ಣು ಸಾಮಾನ್ಯವಾಗಿ ಕೆಂಪಾಗಿ ನೋಯುತ್ತದೆ, ಬೆಳಕು ನೋಡಲಾಗುವುದಿಲ್ಲ. ಅದನ್ನು ಮದ್ರಾಸ್ ಐ ಅಂದುಕೊಂಡು ಅಂಗಡಿಯ ಡ್ರಾಪ್ಸ್ ಹಾಕಬೇಡಿ.

ಹೆಜ್ಜೆ 6: ಔಷಧಿಗಳ ಜೊತೆ ಹೊಂದಿಕೊಳ್ಳುವುದು

ಮೊದಲಿಗೆ ನ್ಯಾಪ್ರೊಕ್ಸೆನ್, ಐಬುಪ್ರೊಫೆನ್ ಥರದವು. ನೋವು, ಬಿಗಿತ ಕಮ್ಮಿ ಮಾಡುತ್ತವೆ, ಕಾಯಿಲೆಯ ಬೇರಿಗೆ ಹೋಗುವುದಿಲ್ಲ. ಹೊಟ್ಟೆ ತುಂಬಿದ ಮೇಲೆ ಕೊಡಿ, ಎರಡನ್ನೂ ಒಟ್ಟಿಗೆ ಕೊಡಬೇಡಿ. ಒಂದೆರಡು ಕೀಲು ಮಾತ್ರ ಆಗಿದ್ದರೆ ಕೀಲಿನೊಳಗೇ ಸ್ಟಿರಾಯ್ಡ್ ಇಂಜೆಕ್ಷನ್ ಕೊಡುತ್ತಾರೆ. ಚಿಕ್ಕ ಮಕ್ಕಳಿಗೆ ಮಂಪರು ಬರಿಸಿ ಮಾಡುತ್ತಾರೆ. ಎಷ್ಟೋ ಮಕ್ಕಳಿಗೆ ತಿಂಗಳುಗಟ್ಟಲೆ ನೆಮ್ಮದಿ. ಚುಚ್ಚಿದ ಜಾಗದಲ್ಲಿ ಚರ್ಮ ಸ್ವಲ್ಪ ಕುಳಿ ಬೀಳುವುದು, ಬಣ್ಣ ತಿಳಿಯಾಗುವುದು ಆಗಬಹುದು, ಗಾಬರಿ ಬೇಡ. ಬಾಯಿಂದ ಕೊಡುವ ಸ್ಟಿರಾಯ್ಡ್ ಬೇರೆ ಮಾತು. ಬೆಂಕಿ ಆರಿಸಲು ಬೇಕಾಗುತ್ತದೆ, ಬಹಳ ದಿನ ಕೊಟ್ಟರೆ ಮುಖ ಉಬ್ಬುತ್ತದೆ, ಬೆಳವಣಿಗೆ ಕುಂಠಿತವಾಗುತ್ತದೆ. ಆದರೆ ಕೆಲವು ವಾರ ತೆಗೆದುಕೊಂಡಮೇಲೆ ನೀವಾಗಿ ಒಮ್ಮೆಲೇ ನಿಲ್ಲಿಸಿದರೆ ಅದೂ ಅಪಾಯವೇ. ಡಾಕ್ಟರು ಹೇಳಿದಂತೆ ಮೆಲ್ಲಗೆ ಇಳಿಸಬೇಕು.

ಇನ್ನು ಮೆಥೊಟ್ರೆಕ್ಸೇಟ್. ಈ ಹೆಸರು ಗೂಗಲ್ ಮಾಡಿದರೆ ಮೊದಲು ಬರುವುದು ಕ್ಯಾನ್ಸರ್ ಔಷಧಿ ಅಂತ. ನಾನು ಆ ರಾತ್ರಿ ನಿದ್ದೆ ಮಾಡಲಿಲ್ಲ. ಕ್ಯಾನ್ಸರಿಗೆ ಕೊಡುವ ಪ್ರಮಾಣವೇ ಬೇರೆ, ಇಲ್ಲಿ ಕೊಡುವುದು ಅದರ ಒಂದು ಚಿಕ್ಕ ಭಾಗ, ಅದೂ ವಾರಕ್ಕೆ ಒಂದೇ ದಿನ. ಇದನ್ನು ಎಷ್ಟು ಸಲ ಹೇಳಿದರೂ ಕಮ್ಮಿಯೇ. ತಪ್ಪಿ ದಿನಾ ಕೊಟ್ಟು ಜೀವ ಹೋದ ಉದಾಹರಣೆಗಳಿವೆ. ಡಬ್ಬಿಯ ಮೇಲೆ ವಾರದ ಹೆಸರು ದೊಡ್ಡದಾಗಿ ಬರೆಯಿರಿ, ಕೊಟ್ಟಮೇಲೆ ಕ್ಯಾಲೆಂಡರಿನಲ್ಲಿ ಗುರುತು ಹಾಕಿ, ಮನೆಯಲ್ಲಿ ಒಬ್ಬರೇ ಅದರ ಜವಾಬ್ದಾರಿ ತೆಗೆದುಕೊಳ್ಳಿ. ಪರಿಣಾಮ ಕಾಣಲು 6ರಿಂದ 12 ವಾರ ಬೇಕು. ಮೂರನೇ ವಾರಕ್ಕೆ ಏನೂ ಆಗಲಿಲ್ಲ ಅಂತ ಬಿಟ್ಟವರನ್ನು ನೋಡಿದ್ದೇನೆ. ಆಗಾಗ ರಕ್ತ ಕೊಟ್ಟು ಲಿವರ್ ಮತ್ತು ರಕ್ತಕಣ ನೋಡಿಸಬೇಕು. ಫೋಲಿಕ್ ಆಸಿಡ್ ಜೊತೆಗೆ ಬರೆಯುತ್ತಾರೆ, ಅದು ಯಾವ ದಿನ ಅಂತ ಕೇಳಿಕೊಳ್ಳಿ. ಬೇರೆ ಡಾಕ್ಟರು ಆ್ಯಂಟಿಬಯಾಟಿಕ್ ಬರೆದರೆ ಮೆಥೊಟ್ರೆಕ್ಸೇಟ್ ನಡೆಯುತ್ತಿದೆ ಅಂತ ಮೊದಲೇ ಹೇಳಿ. ಕೋ-ಟ್ರೈಮಾಕ್ಸಜೋಲ್ ಥರದ ಕೆಲವು ಇದರ ಜೊತೆ ಸೇರಬಾರದು.

ಹೊಟ್ಟೆ ತೊಳಸುವುದು ನಿಜವಾದ ತೊಂದರೆ. ಈ ಔಷಧಿಯ ಬಣ್ಣ ಹಳದಿ. ಒಂದೂವರೆ ವರ್ಷ ಆದಮೇಲೆ ನನ್ನ ಮಗಳಿಗೆ ಹಳದಿ ಸಿರಿಂಜ್ ಕಂಡರೆ ಸಾಕು, ಚುಚ್ಚುವ ಮೊದಲೇ ವಾಂತಿ. ಆಮೇಲಾಮೇಲೆ ಶುಕ್ರವಾರ ಬೆಳಿಗ್ಗೆಯಿಂದಲೇ ಮುಖ ಸಪ್ಪೆ. ನಾಟಕ ಅಂತ ಗದರಿದ್ದೇನೆ, ಈಗ ನೆನೆದರೆ ಹೊಟ್ಟೆ ಉರಿಯುತ್ತದೆ. ಅದು ನಾಟಕ ಅಲ್ಲ, ದೇಹ ಕಲಿತ ಪಾಠ, ಈ ಔಷಧಿ ತೆಗೆದುಕೊಳ್ಳುವ ಮಕ್ಕಳಲ್ಲಿ ಬಹಳ ಸಾಮಾನ್ಯ. ನಮಗೆ ಕೆಲಸಕ್ಕೆ ಬಂದದ್ದು ಇಷ್ಟು: ಸಿರಿಂಜಿನ ಸುತ್ತ ಬಣ್ಣದ ಟೇಪ್ ಸುತ್ತುವುದು, ಅವಳ ಕಣ್ಣೆದುರು ತಯಾರು ಮಾಡದಿರುವುದು, ಮಲಗುವ ಮೊದಲು ಕೊಡುವುದು, ಚುಚ್ಚುವ ಜಾಗವನ್ನು ಐಸ್ ಇಟ್ಟು ಮರಗಟ್ಟಿಸುವುದು, ತೊಡೆ ಎಡವೋ ಬಲವೋ ಅನ್ನುವ ತೀರ್ಮಾನ ಅವಳಿಗೇ ಬಿಡುವುದು. ವಾಂತಿ ತಡೆಯುವ ಮಾತ್ರೆ ಕೇಳಲು ಸಂಕೋಚ ಬೇಡ. ಶಾಲೆ ಇಲ್ಲದ ದಿನದ ಹಿಂದಿನ ರಾತ್ರಿ ಕೊಟ್ಟರೆ ಮಾರನೆಯ ದಿನದ ಸುಸ್ತಿಗೆ ಜಾಗ ಸಿಗುತ್ತದೆ.

ಅದರಿಂದಲೂ ಆಗದಿದ್ದರೆ ಬಯಾಲಜಿಕ್, ಅಂದರೆ ಉರಿಯೂತದ ಒಂದು ನಿರ್ದಿಷ್ಟ ಕೊಂಡಿಯನ್ನೇ ತಡೆಯುವ, ಇಂಜೆಕ್ಷನ್‌ಗಳು. 1999ರಲ್ಲಿ ಅಮೆರಿಕದಲ್ಲಿ ಎಟನರ್ಸೆಪ್ಟ್‌ಗೆ ಮಕ್ಕಳಿಗೆ ಕೊಡಲು ಒಪ್ಪಿಗೆ ಸಿಕ್ಕಲ್ಲಿಂದ ಈ ಕಾಯಿಲೆಯ ಕಥೆಯೇ ಬದಲಾಯಿತು. ಕಣ್ಣಿನಲ್ಲೂ ಉರಿಯೂತ ಇದ್ದರೆ ಅಡಲಿಮುಮ್ಯಾಬ್ ಕಡೆ ಹೋಗುತ್ತಾರೆ. ಸಿಸ್ಟಮಿಕ್ ವಿಧಕ್ಕೆ ಟೊಸಿಲಿಜುಮ್ಯಾಬ್, ಅನಕಿನ್ರಾ, ಕನಕಿನುಮ್ಯಾಬ್. ಶುರು ಮಾಡುವ ಮೊದಲು ಟಿಬಿ ಪರೀಕ್ಷೆ ಮಾಡಿಸುತ್ತಾರೆ, ಒಳಗೆ ಮಲಗಿರುವ ಟಿಬಿ ಈ ಔಷಧಿಯಿಂದ ಏಳಬಹುದು.

ಇಂಥ ಔಷಧಿ ನಡೆಯುವಾಗ ಜ್ವರ ಬಂದರೆ ಮುಂದಿನ ಡೋಸ್ ಕೊಡುವ ಮೊದಲು ಫೋನ್ ಮಾಡಿ. ಮನೆಯಲ್ಲೋ ತರಗತಿಯಲ್ಲೋ ಯಾರಿಗಾದರೂ ಚಿಕನ್‌ಪಾಕ್ಸ್ ಬಂದರೂ ಫೋನ್ ಮಾಡಿ, ದದ್ದು ಏಳಲಿ ಅಂತ ಕಾಯಬೇಡಿ. ಲಸಿಕೆಗಳಲ್ಲಿ ಸತ್ತ ರೋಗಾಣುವಿನ ಲಸಿಕೆ, ಪ್ರತಿ ವರ್ಷದ ಫ್ಲೂ ಇಂಜೆಕ್ಷನ್ ಸೇರಿ, ಕೊಡಿಸಬಹುದು. ಜೀವಂತ ಲಸಿಕೆಗಳನ್ನು, ಅಂದರೆ ದಡಾರ, ಚಿಕನ್‌ಪಾಕ್ಸ್ ಮುಂತಾದವನ್ನು, ರುಮಟಾಲಜಿಸ್ಟ್ ಕೇಳದೆ ಹಾಕಿಸಬೇಡಿ.

ಹೆಜ್ಜೆ 7: ಕೀಲನ್ನು ಕೆಲಸದಲ್ಲಿ ಇಡಿ

"ಪಾಪ, ಸುಮ್ನೆ ಮಲಗಲಿ ಬಿಡು." ಮನೆಗೆ ಬಂದವರೆಲ್ಲ ಹೇಳಿದ್ದು ಇದೇ. ಪ್ರೀತಿಯ ಮಾತೇ, ಆದರೆ ತಪ್ಪು. ಬಳಸದ ಕೀಲು ಬಗ್ಗಿದ ಹಾಗೇ ನಿಂತುಬಿಡುತ್ತದೆ, ತೊಡೆಯ ಸ್ನಾಯು ಕೆಲವೇ ವಾರದಲ್ಲಿ ಸೊರಗುತ್ತದೆ. ನೋಯುವ ಮಂಡಿಯ ಕೆಳಗೆ ದಿಂಬು ಇಟ್ಟರೆ ಹಿತವೆನಿಸುತ್ತದೆ ನಿಜ, ಇಡಬೇಡಿ. ರಾತ್ರಿಯಿಡೀ ಬಗ್ಗಿಸಿಟ್ಟ ಮಂಡಿ ಬೆಳಿಗ್ಗೆ ನೇರವಾಗಲು ಒಪ್ಪುವುದಿಲ್ಲ.

ದಿನಾ ಒಂದು ಸಲ ಎಲ್ಲ ಕೀಲನ್ನೂ ಅದು ಹೋಗುವಷ್ಟು ದೂರ ಆಡಿಸಬೇಕು. ಫಿಸಿಯೋಥೆರಪಿಸ್ಟ್ ಹೇಳಿಕೊಟ್ಟದ್ದರಲ್ಲಿ ನಮ್ಮ ಮನೆಯಲ್ಲಿ ಹತ್ತು ವರ್ಷ ಉಳಿದದ್ದು ಒಂದೇ: ಕಾಲು ಚಾಚಿ ಕೂತು, ಮಂಡಿಯ ಕೆಳಗೆ ಮಡಿಸಿದ ಟವೆಲ್ ಇಟ್ಟು, ಅದನ್ನು ಮಂಡಿಯಿಂದ ನೆಲಕ್ಕೆ ಒತ್ತಿ ಐದು ಎಣಿಸಿ ಬಿಡುವುದು. ಟಿವಿ ನೋಡುತ್ತಲೇ ಮಾಡಬಹುದು, ಅದಕ್ಕೇ ಉಳಿಯಿತು ಅಂತ ಕಾಣುತ್ತದೆ. ಬೆಳಿಗ್ಗೆ ಎದ್ದ ಕೂಡಲೇ ಬಿಸಿನೀರಿನ ಸ್ನಾನ ಮಾಡಿಸಿದರೆ ಬಿಗಿತ ಬೇಗ ಸಡಿಲುತ್ತದೆ. ಈಜು ಮತ್ತು ಸೈಕಲ್‌ನಲ್ಲಿ ಕೀಲಿನ ಮೇಲೆ ಭಾರ ಬೀಳುವುದಿಲ್ಲ. ಕಾಯಿಲೆ ಮಲಗಿದ್ದಾಗ ಫುಟ್‌ಬಾಲ್ ಆಡುತ್ತೇನೆ ಅಂದರೂ ಆಡಲಿ. ಕೆರಳಿದ್ದಾಗ ಜಿಗಿಯುವುದು ಬೇಡ, ನಡಿಗೆ ನಿಲ್ಲಿಸುವುದೂ ಬೇಡ.

ಹೆಜ್ಜೆ 8: ಶಾಲೆಗೆ ಹೇಳಿ, ಬಿಡಿಬಿಡಿಯಾಗಿ ಹೇಳಿ

"ಮಗಳಿಗೆ ಆರ್ಥ್ರೈಟಿಸ್ ಇದೆ, ಸ್ವಲ್ಪ ನೋಡಿಕೊಳ್ಳಿ" ಅಂದರೆ ಟೀಚರಿಗೆ ಏನೂ ಗೊತ್ತಾಗುವುದಿಲ್ಲ. ಟೀಚರನ್ನು ಗೊಂದಲಕ್ಕೆ ಹಾಕುವುದು ಕಾಯಿಲೆ ಅಲ್ಲ, ಅದರ ಏರುಪೇರು. ಬೆಳಿಗ್ಗೆ ಪ್ರಾರ್ಥನೆಗೆ ನಿಲ್ಲಲಾಗದ ಹುಡುಗಿ ಮಧ್ಯಾಹ್ನ ಬಿಡುವಿನಲ್ಲಿ ಓಡುತ್ತಿದ್ದರೆ ಯಾರಿಗಾದರೂ ಸೋಗು ಅನ್ನಿಸುತ್ತದೆ, ಅಲ್ವಾ? ನಮ್ಮ ಮಗಳಿಗೂ ಒಬ್ಬರು ಟೀಚರ್ ಎಲ್ಲರೆದುರು "ಈಗ ನೋವಿಲ್ಲವೇನೋ" ಅಂದರು. ಅವತ್ತಿನಿಂದ ಅವಳು ಬಿಡುವಿನಲ್ಲಿ ಓಡುವುದನ್ನೇ ನಿಲ್ಲಿಸಿದಳು. ಹಾಗಾಗಿ ಒಂದು ಪುಟದ ಪತ್ರ ಬರೆದುಕೊಡಿ, ಮೊದಲ ಸಾಲಿನಲ್ಲೇ ಇದನ್ನು ಹೇಳಿ: ಬೆಳಿಗ್ಗೆ ಕಷ್ಟ, ಹೊತ್ತೇರಿದಂತೆ ಸಲೀಸು, ಇದು ಈ ಕಾಯಿಲೆಯ ಸ್ವಭಾವ.

ಆಮೇಲೆ ಕೇಳಬೇಕಾದ್ದನ್ನು ಕೇಳಿ. ಅರ್ಧ ಗಂಟೆಗೊಮ್ಮೆ ಎದ್ದು ಓಡಾಡಲು ಬಿಡಬೇಕು. ಪುಸ್ತಕ ಎರಡು ಸೆಟ್ಟು, ಒಂದು ಶಾಲೆಯಲ್ಲಿ ಒಂದು ಮನೆಯಲ್ಲಿ. ತರಗತಿ ನೆಲಮಹಡಿಯಲ್ಲಿದ್ದರೆ ಒಳ್ಳೆಯದು. ಬೆರಳು, ಮಣಿಕಟ್ಟಿನಲ್ಲಿ ಕಾಯಿಲೆ ಇದ್ದರೆ ದಪ್ಪ ಹಿಡಿಯ ಪೆನ್ನು, ಪರೀಕ್ಷೆಯಲ್ಲಿ ಹೆಚ್ಚುವರಿ ಸಮಯ. ಪರೀಕ್ಷೆಯ ವಾರದಲ್ಲಿ ಕೇಳಿದರೆ ಸಿಗುವುದಿಲ್ಲ, ವರ್ಷದ ಶುರುವಿನಲ್ಲೇ ಡಾಕ್ಟರ ಪತ್ರದ ಜೊತೆ ಕೇಳಿ. ಆಟದ ಪೀರಿಯಡ್‌ನಿಂದ ಪೂರ್ತಿ ವಿನಾಯಿತಿ ಕೇಳಬೇಡಿ. ಎಷ್ಟು ಆಡಬೇಕು ಅಂತ ಮಗುವೇ ನಿರ್ಧರಿಸಲಿ, ಕೂತರೆ ಪ್ರಶ್ನೆ ಬೇಡ ಅಂತ ಕೇಳಿ.

ಹೆಜ್ಜೆ 9: ಹದಿಹರೆಯ

ಹನ್ನೆರಡರ ನಂತರ ಔಷಧಿ ತಪ್ಪುವುದು ಶುರುವಾಗುತ್ತದೆ. ಮರೆವು ಸ್ವಲ್ಪ, ಸಿಟ್ಟು ಜಾಸ್ತಿ. ಎಲ್ಲರ ಹಾಗೆ ಇರಬೇಕು ಅನ್ನುವ ವಯಸ್ಸಿನಲ್ಲಿ ವಾರಕ್ಕೊಂದು ಸೂಜಿ ಯಾರಿಗೆ ಬೇಕು? ಹಾಸಿಗೆಯ ಕೆಳಗೆ ಮಾತ್ರೆ ಸಿಕ್ಕರೆ ಕೂಗಾಡುವ ಬದಲು ಯಾಕೆ ಅಂತ ಕೇಳಿ. ನಮಗೆ ಸಿಕ್ಕ ಉತ್ತರ "ಚೆನ್ನಾಗೇ ಇದ್ದೀನಲ್ಲ ಅಮ್ಮ." ಚೆನ್ನಾಗಿರುವುದು ಔಷಧಿಯಿಂದ ಅನ್ನುವುದು ದೊಡ್ಡವರಿಗೇ ತಲೆಗೆ ಹೋಗುವುದಿಲ್ಲ.

ಡಾಕ್ಟರ ಭೇಟಿಯಲ್ಲಿ ಕೊನೆಯ ಹತ್ತು ನಿಮಿಷ ಹೊರಗೆ ಹೋಗಿ ಕೂರಿ. ನಿಮ್ಮೆದುರು ಕೇಳಲಾಗದ ಪ್ರಶ್ನೆಗಳು ಅವರಿಗಿರುತ್ತವೆ, ಅವರಿಗೆ ಗೊತ್ತಿರಲೇಬೇಕಾದ ಉತ್ತರಗಳೂ ಇವೆ. ಮೆಥೊಟ್ರೆಕ್ಸೇಟ್ ಜೊತೆ ಮದ್ಯ ಸೇರಿದರೆ ಲಿವರಿಗೆ ಪೆಟ್ಟು. ಗರ್ಭಿಣಿಯಾದರೆ ಅದು ಮಗುವಿಗೆ ಹಾನಿ ಮಾಡುತ್ತದೆ. ಇದನ್ನು ಮುಜುಗರವಿಲ್ಲದೆ ಹೇಳುವವರು ಡಾಕ್ಟರೇ ಆಗಲಿ, ಆದರೆ ಹೇಳಿದ್ದಾರಾ ಅಂತ ನೀವು ವಿಚಾರಿಸಿ. ಹದಿನೆಂಟರ ಆಸುಪಾಸು ಮಕ್ಕಳ ವಿಭಾಗ ಬಿಟ್ಟು ದೊಡ್ಡವರ ರುಮಟಾಲಜಿಸ್ಟ್ ಹತ್ತಿರ ಹೋಗಬೇಕಾಗುತ್ತದೆ. ಎಷ್ಟೋ ಮಕ್ಕಳು ಚಿಕಿತ್ಸೆಯಿಂದ ಜಾರಿಹೋಗುವುದು ಅಲ್ಲೇ. ಅಷ್ಟರೊಳಗೆ ತನ್ನ ಕಾಯಿಲೆಯ ಹೆಸರು, ಔಷಧಿ, ಡೋಸ್ ಅವರ ಬಾಯಿಂದಲೇ ಬರುವಂತಿರಲಿ.

ಹೆಜ್ಜೆ 10: ಊಟ, ಸಲಹೆ, ಮತ್ತೆ ಕೆರಳುವುದು

ಊಟದ ಬಗ್ಗೆ ಬೇಗ ಮುಗಿಸುತ್ತೇನೆ. ಈ ಕಾಯಿಲೆ ವಾಸಿ ಮಾಡುವ ಪಥ್ಯ ಇಲ್ಲ. ಕ್ಯಾಲ್ಸಿಯಂ, ವಿಟಮಿನ್ ಡಿ ಸಾಕಷ್ಟು ಸಿಗಬೇಕು, ಸ್ಟಿರಾಯ್ಡ್ ನಡೆಯುವಾಗ ಇನ್ನೂ ಮುಖ್ಯ. ಅದು ಬಿಡಿ, ಇದು ಬಿಡಿ ಅನ್ನುವವರ ಮಾತು ಕೇಳಿ ಬೆಳೆಯುವ ಮಗುವಿನ ತಟ್ಟೆ ಖಾಲಿ ಮಾಡಬೇಡಿ.

ಕಾಯಿಲೆ ಮಲಗುತ್ತದೆ, ಏಳುತ್ತದೆ. ಔಷಧಿ ಇದ್ದಾಗ 6 ತಿಂಗಳು ಪೂರ್ತಿ ಮಲಗಿದ್ದರೆ, ಔಷಧಿ ಬಿಟ್ಟಮೇಲೆ 12 ತಿಂಗಳು ಮಲಗಿದ್ದರೆ ಅದನ್ನು ರೆಮಿಷನ್ ಅನ್ನುತ್ತಾರೆ. ಕೆಲವರಿಗೆ ಮತ್ತೆ ಬರುವುದೇ ಇಲ್ಲ, ಕೆಲವರಿಗೆ ದೊಡ್ಡವರಾದಮೇಲೂ ಇರುತ್ತದೆ. ಮಗಳಿಗೆ ಎಂಟು ವರ್ಷವಾದಾಗ ಡಾಕ್ಟರು ಎಲ್ಲ ನಿಲ್ಲಿಸಿ ನೋಡಿದರು. ಐದು ತಿಂಗಳು ಹಬ್ಬ. ಆರನೇ ತಿಂಗಳು ಒಂದು ಬೆಳಿಗ್ಗೆ ಅವಳು ಸಾಕ್ಸ್ ಹಾಕಿಕೊಳ್ಳಲು ನೆಲದಲ್ಲಿ ಕೂರದೆ ಮಂಚದ ಮೇಲೆ ಕೂತಳು. ಅಷ್ಟೇ. ನಾನು ನೋಟ್‌ಬುಕ್ ತೆಗೆದೆ, ಅದೇ ವಾರ ಡಾಕ್ಟರನ್ನು ಕಂಡೆವು. ಮೊದಲ ಸಲ ಮೂರು ತಿಂಗಳು ಹಿಡಿದದ್ದು ಈ ಸಲ ನಾಲ್ಕು ದಿನದಲ್ಲಿ ಮುಗಿಯಿತು, ಮಂಡಿ ಪೂರ್ತಿ ಊದುವ ಮೊದಲೇ ಔಷಧಿ ಮತ್ತೆ ಶುರುವಾಯಿತು.

ಈಗ ಇಂಜೆಕ್ಷನ್ ಅವಳೇ ಹಾಕಿಕೊಳ್ಳುತ್ತಾಳೆ, ಬಾಗಿಲು ಹಾಕಿಕೊಂಡು. ನಾನು ಹೊರಗೆ ನಿಂತು ಕಸದ ಡಬ್ಬಿಗೆ ಸೂಜಿ ಬೀಳದಿರಲಿ ಅಂತ ಕೂಗುತ್ತೇನೆ. ಬಳಸಿದ ಸೂಜಿಗೆ ಗಟ್ಟಿ ಪ್ಲಾಸ್ಟಿಕ್ಕಿನ, ಮುಚ್ಚಳ ಇರುವ ಬೇರೆ ಡಬ್ಬಿ ಇಡಬೇಕು. ತುಂಬಿದಮೇಲೆ ಆಸ್ಪತ್ರೆಗೆ ವಾಪಸ್ ಕೊಡಬಹುದಾ ಅಂತ ಕೇಳಿಕೊಳ್ಳಿ.